ಹಳೇ ಕಾರು ಹುಡುಕಬೇಕಾ? ಮೊದಲು ಹಳೇ ಮನೆ ನೋಡಿ

ಹಳೇ ಕಾರು ನೋಡೋ ಹುಚ್ಚು ಇರುವವರು ಸಾಮಾನ್ಯವಾಗಿ ರಸ್ತೆ ಮೇಲೆ ಕಣ್ಣಿಟ್ಟಿರ್ತಾರೆ. ರಸ್ತೆಯಲ್ಲಿ ಸಿಗೋದು ಕಡಿಮೆ. ಕಣ್ಣಿಡಬೇಕಾದ್ದು ಮನೆಗಳ ಮೇಲೆ. ಎರಡು ಬಾಗಿಲಿನ ಕಬ್ಬಿಣದ ಗೇಟು, ಮನೆ ಪಕ್ಕದಲ್ಲಿ ಹಿತ್ತಲವರೆಗೂ ಹೋಗುವ ಉದ್ದದ ಜಾಗ, ಅದರ ಕೊನೆಯಲ್ಲಿ ಹೆಂಚಿನದ್ದೋ ಶೀಟಿನದ್ದೋ ಒಂದು ಶೆಡ್ಡು. ಇಂಥ ಮನೆ ಕಂಡರೆ ಒಂದು ನಿಮಿಷ ನಿಲ್ಲಿ. ಶೆಡ್ಡಿನೊಳಗೆ ಟಾರ್ಪಾಲು ಹೊದ್ದುಕೊಂಡು, ಮೇಲೆ ಹಳೇ ಪೇಪರ್ ಕಟ್ಟು, ಮುರಿದ ಸೈಕಲ್ಲು ಹೊತ್ತುಕೊಂಡು ಏನೋ ಒಂದು ಮಲಗಿರುವ ಸಾಧ್ಯತೆ ಇದೆ.

ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರ, ಜಯನಗರದ ಹಳೇ ಬ್ಲಾಕುಗಳು ಇದಕ್ಕೆ ಹೇಳಿ ಮಾಡಿಸಿದ ಜಾಗ. 1898ರ ಪ್ಲೇಗಿನ ನಂತರ ರೂಪಿಸಿದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಸೈಟುಗಳು ದೊಡ್ಡವು. ಗಾಳಿ ಬೆಳಕು ಬರಲಿ ಅಂತ ಬಿಟ್ಟ ಜಾಗದಲ್ಲಿ ಮುಂದೆ ಕಾರುಗಳು ಬಂದು ನಿಂತವು. ಮೈಸೂರಿನ ಯಾದವಗಿರಿ, ಸರಸ್ವತಿಪುರಂ ಕಡೆಗೂ ಹೀಗೇ. ಕಾರು ಓಡಿಸುವವರು ಇಲ್ಲದಿದ್ದರೂ ನಿಲ್ಲಿಸೋಕೆ ಜಾಗ ಇತ್ತು. ಹಾಗಾಗಿಯೇ ಅವು ಉಳಿದವು. ಈಗ ಆ ಮನೆಗಳು ಒಂದೊಂದಾಗಿ ಬಿಲ್ಡರ್ ಕೈಗೆ ಹೋಗ್ತಾ ಇವೆ. ಮನೆ ಜೊತೆ ಕಾರೂ ಹೋಗುತ್ತೆ. ನಮ್ಮ ಏರಿಯಾದ ಹಳೇ ಕಾರುಗಳಿಗೆ ತುಕ್ಕಿಗಿಂತ ದೊಡ್ಡ ಶತ್ರು ಈ ಪಾರ್ಕಿಂಗ್ ಲೆಕ್ಕಾಚಾರ.

ಮೊದಲು ನಂಬರ್ ಪ್ಲೇಟ್ ಓದಿ

ಕಾರಿನ ಹೆಸರು ಗೊತ್ತಾಗದಿದ್ದರೂ ಪ್ಲೇಟ್ ನೋಡಿದರೆ ಅರ್ಧ ಜಾತಕ ಸಿಗುತ್ತೆ. ನಾವೆಲ್ಲ ನೋಡಿ ಬೆಳೆದಿರೋದು ಕೆಎ 01, ಕೆಎ 05 ಥರದ ನಂಬರ್. ಈ ಪದ್ಧತಿ ಬಂದಿದ್ದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ನಂತರ. ಅದಕ್ಕೂ ಹಿಂದಿನ ಗಾಡಿಗಳಲ್ಲಿ ಮೂರು ಅಕ್ಷರ, ಪಕ್ಕದಲ್ಲಿ ನಂಬರ್, ಅಷ್ಟೇ. ಜಿಲ್ಲೆಯ ಅಂಕಿ ಇಲ್ಲ.

'ಎಂವೈ' ಅಂತ ಶುರುವಾದರೆ ಅದು ಮೈಸೂರು ರಾಜ್ಯದ ಕಾಲದ ಸೀರಿಸ್. ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಗಿದ್ದು 1973ರ ನವೆಂಬರ್ 1ರಂದು. ಪ್ಲೇಟಿನ ಮೇಲೆ ಮಾತ್ರ ಇವತ್ತಿಗೂ ಮೈಸೂರು ಉಳಿದುಕೊಂಡಿದೆ. 'ಎಂಇ', 'ಸಿಎ' ಅಂತ ಶುರುವಾಗೋ ನಂಬರ್‌ಗಳೂ ಕೆಎ ಬರುವ ಮುಂಚಿನ ನಮ್ಮವೇ. 'ಎಂಎಸ್' ಕಂಡರೆ ಮದ್ರಾಸಿನಿಂದ ಬಂದ ಗಾಡಿ, 'ಕೆಎಲ್' ಆದ ಮೇಲೆ ಅಂಕಿ ಬರದೆ ಇನ್ನೊಂದು ಅಕ್ಷರ ಬಂದರೆ ಹಳೇ ಕೇರಳದ್ದು. ಒಂದೇ ಬೀದಿಯಲ್ಲಿ ಇಂಥ ಎರಡು ಪ್ಲೇಟ್ ಸಿಕ್ಕರೆ, ಆ ಮನೆಯವರ ಟ್ರಾನ್ಸ್‌ಫರ್ ಕಥೆಗಳೂ ಸಿಕ್ಕ ಹಾಗೆ.

ಇನ್ನೊಂದು ಮಾತು. ಹಳೇದನ್ನೆಲ್ಲಾ ನಾವು 'ವಿಂಟೇಜ್' ಅಂದುಬಿಡ್ತೀವಿ. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ಪ್ರಕಾರ 1919ರಿಂದ 1930ರವರೆಗಿನವು ಮಾತ್ರ ವಿಂಟೇಜ್. ನಮ್ಮ ಬೀದಿಗಳಲ್ಲಿ ಸಿಗುವ ಬಹುತೇಕ ಕಾರುಗಳಿಗೆ ಕ್ಲಾಸಿಕ್ ಅನ್ನೋದು ಸರಿಯಾದ ಪದ. ನಮ್ಮ ಸರ್ಕಾರದ ಲೆಕ್ಕ ಬೇರೆ ಇದೆ, ಅದನ್ನು ಮುಂದೆ ಹೇಳ್ತೀನಿ.

ಯಾವುದು ಯಾವುದು?

ಅಂಬಾಸಿಡರ್ ಎಲ್ಲರಿಗೂ ಗೊತ್ತು. ಆದರೆ ಎಲ್ಲ ಅಂಬಾಸಿಡರ್‌ಗಳೂ ಒಂದೇ ಅಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರಿಸ್ 3 ಇದರ ಮೂಲ. ಐವತ್ತರ ದಶಕದ ಕೊನೆಯಲ್ಲಿ ಕೋಲ್ಕತ್ತ ಹತ್ತಿರದ ಉತ್ತರಪಾರಾದಲ್ಲಿ ತಯಾರಿಕೆ ಶುರುವಾಗಿ, 2014ರ ಮೇ ತಿಂಗಳಲ್ಲಿ ನಿಂತಿತು. ಮುಖ ನೋಡಿ ವಯಸ್ಸು ಹೇಳಬಹುದು. ಒತ್ತೊತ್ತಾದ ಚೌಕುಳಿ ಗ್ರಿಲ್ ಇದ್ದರೆ ಅರವತ್ತರ ದಶಕದಲ್ಲಿ ಬಂದ ಮಾರ್ಕ್ 2. ಅಡ್ಡಡ್ಡ ಪಟ್ಟಿಯ ದೊಡ್ಡ ಗ್ರಿಲ್ ಇದ್ದರೆ 1975ರ ನಂತರದ ಮಾರ್ಕ್ 3. ಅಂಬಾಸಿಡರ್‌ಗೂ ಹಿಂದಿನ ಲ್ಯಾಂಡ್‌ಮಾಸ್ಟರ್ ಕಂಡರೆ ಮಾತ್ರ ಅವತ್ತು ಲಾಟರಿ ಹೊಡೆದ ಹಾಗೆ.

ಇನ್ನು ಫಿಯಟ್. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ತಯಾರಿಸುತ್ತಿದ್ದ ಫಿಯಟ್ 1100ಡಿ, 1970ರ ದಶಕದಲ್ಲಿ ಮೊದಲು ಪ್ರೀಮಿಯರ್ ಪ್ರೆಸಿಡೆಂಟ್ ಆಗಿ, ಆಮೇಲೆ ಪ್ರೀಮಿಯರ್ ಪದ್ಮಿನಿ ಆಯ್ತು. ಕಾರಿನ ಒಳಗೆ ಬಗ್ಗಿ ನೋಡಿ, ಗೇರ್ ಲಿವರ್ ಸ್ಟೇರಿಂಗ್ ಪಕ್ಕದಲ್ಲೇ ಇರುತ್ತೆ. ಮುಂದಿನ ಬಾಗಿಲು ಉಲ್ಟಾ ತೆರೆಯುವಂತಿದ್ದರೆ, ಅಂದರೆ ಹಿಂಜ್ ಮಧ್ಯದ ಕಂಬದ ಕಡೆ ಇದ್ದರೆ, ಅದು 1100ಡಿಗಿಂತಲೂ ಹಿಂದಿನ ಫಿಯಟ್. ಅದು ಈಗ ನಿಜಕ್ಕೂ ಅಪರೂಪ.

ಆ ಕಾಲದಲ್ಲಿ ಕಾರು ಅಂದರೆ ಏನಾಗಿತ್ತು ಅಂತ ತಿಳಿಯೋಕೆ ಒಂದು ಉದಾಹರಣೆ ಸಾಕು. ಪ್ರಧಾನಿಯಾಗಿದ್ದ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಫಿಯಟ್ ಕೊಳ್ಳೋಕೆ ಪಂಜಾಬ್ ನ್ಯಾಷನಲ್ ಬ್ಯಾಂಕಿನಿಂದ 5,000 ರೂಪಾಯಿ ಸಾಲ ತಗೊಂಡಿದ್ದರು. 1966ರಲ್ಲಿ ಅವರು ತೀರಿಕೊಂಡಾಗ ಸಾಲ ಬಾಕಿ ಇತ್ತು. ಪತ್ನಿ ಲಲಿತಾ ಶಾಸ್ತ್ರಿ ಅವರು ಪಿಂಚಣಿ ಹಣದಿಂದ ತೀರಿಸಿದರು. ಪ್ರಧಾನಿ ಮನೆಯ ಕಥೆಯೇ ಹೀಗಿದ್ದಾಗ, ಒಬ್ಬ ಮೇಷ್ಟ್ರೋ ಬ್ಯಾಂಕ್ ನೌಕರರೋ ವರ್ಷಗಟ್ಟಲೆ ಕಾದು ತಂದ ಕಾರನ್ನು ಸುಲಭಕ್ಕೆ ಯಾಕೆ ಮಾರಲಿಲ್ಲ ಅಂತ ಅರ್ಥವಾಗುತ್ತೆ.

ಮೂರನೆಯದು ನನ್ನ ಪ್ರೀತಿಯ ಸ್ಟ್ಯಾಂಡರ್ಡ್ ಹೆರಾಲ್ಡ್. ಇಟಲಿಯ ಜೊವಾನಿ ಮಿಕೆಲೊಟ್ಟಿ ವಿನ್ಯಾಸ ಮಾಡಿದ ಟ್ರಯಂಫ್ ಹೆರಾಲ್ಡ್ ಕಾರನ್ನು 1961ರಿಂದ ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಕಂಪನಿ ತಯಾರಿಸಿತು. ಮೊದಲು ಎರಡೇ ಬಾಗಿಲು. 'ಸಂಸಾರಸ್ಥರಿಗೆ ಎರಡು ಬಾಗಿಲು ಸಾಲಲ್ಲ' ಅಂತ ಆಮೇಲೆ ನಾಲ್ಕು ಬಾಗಿಲಿನದ್ದನ್ನು ಇಲ್ಲೇ ಮಾಡಿದರು. ನಾಲ್ಕು ಬಾಗಿಲಿನ ಹೆರಾಲ್ಡ್ ಇಂಗ್ಲೆಂಡಿನಲ್ಲೇ ಇರಲಿಲ್ಲ! ಇದರ ಬಾನೆಟ್ ಅನ್ನು ಮಡ್‌ಗಾರ್ಡ್ ಸಮೇತ ಮುಂದಕ್ಕೆ ಎತ್ತಬಹುದು. ಮುಂದಿನ ಟೈರಿನ ಮೇಲೆ ಕೂತುಕೊಂಡೇ ಎಂಜಿನ್ ರಿಪೇರಿ ಮಾಡಬಹುದು.

ನಮ್ಮೂರಿನದ್ದೇ ಕಾರು ಬೇಕಾ? 1970ರ ದಶಕದಲ್ಲಿ ಬೆಂಗಳೂರಿನಲ್ಲಿ 'ಬಾದಲ್' ಅನ್ನೋ ಮೂರು ಚಕ್ರದ ಕಾರು ತಯಾರಾಗ್ತಿತ್ತು. 1982ರಲ್ಲಿ ಸಿಪಾನಿ ಕಂಪನಿ 'ಡಾಲ್ಫಿನ್' ತಂದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಇದರ ಮೂಲ. 848 ಸಿಸಿ ಎಂಜಿನ್, ಫೈಬರ್ ಗ್ಲಾಸ್ ಬಾಡಿ. ಬಾಡಿಗೆ ತುಕ್ಕು ಹಿಡಿಯುವ ಪ್ರಶ್ನೆಯೇ ಇಲ್ಲ. ಮರುವರ್ಷ, 1983ರ ಡಿಸೆಂಬರಿನಲ್ಲಿ, ಮಾರುತಿ 800 ಬಂತು. ಅದರ ಮುಂದೆ ಇಂಥ ಪುಟ್ಟ ಕಂಪನಿಗಳು ನಿಲ್ಲೋಕಾಗಲಿಲ್ಲ. ಬೆಂಗಳೂರಿನ ಯಾವುದಾದರೂ ಗ್ಯಾರೇಜಿನ ಹಿಂದೆ ಡಾಲ್ಫಿನ್ ಕಂಡರೆ ದಯವಿಟ್ಟು ಒಂದು ಫೋಟೊ ತೆಗೀರಿ.

ಗೇಟು ತಟ್ಟೋ ವಿಧಾನ

ಫೋಟೊ ಅಂದೆ, ಅದಕ್ಕೂ ಒಂದು ಕ್ರಮ ಇದೆ. ಹೊರಗಿನಿಂದಲೇ ಕಾಂಪೌಂಡ್ ಮೇಲೆ ಮೊಬೈಲ್ ಎತ್ತಿ ಕ್ಲಿಕ್ಕಿಸಿಕೊಂಡು ಹೋಗೋದು ಸರಿಯಲ್ಲ. ಇಂಥ ಮನೆಗಳಲ್ಲಿ ಹೆಚ್ಚಾಗಿ ವಯಸ್ಸಾದವರು ಇಬ್ಬರೇ ಇರ್ತಾರೆ. ಬೆಳಿಗ್ಗೆ ಹತ್ತರ ನಂತರ, ಮಧ್ಯಾಹ್ನದ ಊಟಕ್ಕೆ ಮುಂಚೆ ಹೋಗಿ. ಬೆಲ್ ಮಾಡಿ, ಎರಡು ಹೆಜ್ಜೆ ಹಿಂದೆ ನಿಂತು, ನಿಮ್ಮ ಮನೆ ಎಲ್ಲಿ ಅಂತ ಮೊದಲು ಹೇಳಿ. 'ಇದೇ ಮೂರನೇ ಕ್ರಾಸ್‌ನೋರು' ಅಂದರೆ ಅರ್ಧ ಬಾಗಿಲು ತೆರೆದ ಹಾಗೆ.

ರೇಟು ಮಾತ್ರ ಕೇಳಬೇಡಿ. ಅವರನ್ನು ರೇಟು ಕೇಳಿ ಕೇಳಿ ಸುಸ್ತು ಮಾಡಿರ್ತಾರೆ. 'ಯಾವ ವರ್ಷದ್ದು? ಯಾರು ತಂದಿದ್ದು? ಮೊದಲ ಸಲ ಎಲ್ಲಿಗೆ ಹೋಗಿದ್ರಿ?' ಅಂತ ಕೇಳಿ ನೋಡಿ. ತಿರುಪತಿ, ಧರ್ಮಸ್ಥಳ, ಕೆಆರ್‌ಎಸ್ ಅಂತ ಶುರುವಾದರೆ ಕಾಫಿ ಬರುವವರೆಗೂ ನಿಲ್ಲಲ್ಲ. ಒಪ್ಪಿಗೆ ಕೊಟ್ಟ ಮೇಲೆ ಫೋಟೊ ತೆಗೀರಿ. ಇನ್‌ಸ್ಟಾಗ್ರಾಮಿಗೆ ಹಾಕೋದಾದರೆ ನಂಬರ್ ಪ್ಲೇಟು, ಮನೆ ನಂಬರು, ಲೊಕೇಷನ್ ಕಾಣದ ಹಾಗೆ ಹಾಕಿ. ಹಳೇ ಕಾರಿನ ಒಂದು ಲೋಗೊ, ಒಂದು ಹೆಡ್‌ಲೈಟ್ ರಿಂಗ್‌ಗೂ ಕಾಸು ಹುಟ್ಟುತ್ತೆ. ರಾತ್ರಿ ಬಂದು ಕಿತ್ತುಕೊಂಡು ಹೋಗುವವರಿಗೆ ನಾವೇ ಅಡ್ರೆಸ್ ಕೊಟ್ಟ ಹಾಗಾಗಬಾರದು.

ಎನ್.ಆರ್. ಕಾಲೊನಿಯ ಹೆರಾಲ್ಡ್

ಹೋದ ವರ್ಷ ಎನ್.ಆರ್. ಕಾಲೊನಿಯ ಒಂದು ಮನೆಯ ಶೆಡ್ಡಿನಲ್ಲಿ ಹೆರಾಲ್ಡ್ ಇದೆ ಅಂತ ಗೆಳೆಯನೊಬ್ಬ ಹೇಳಿದ. ಹೋಗಿ ಬೆಲ್ ಮಾಡಿದೆ. ಪಂಚೆ, ಬನೀನು ಹಾಕಿದ್ದ ಯಜಮಾನರು ಬಂದರು. ವಯಸ್ಸು ಎಂಬತ್ತು ದಾಟಿರಬೇಕು.

"ಕೊಳ್ಳೋಕೆ ಬಂದೇನಪ್ಪಾ?"

"ಇಲ್ಲ ಸಾರ್, ಸುಮ್ನೆ ನೋಡ್ಕೊಂಡು ಹೋಗೋಣ ಅಂತ."

"ಹಂಗಾದ್ರೆ ಒಳಗೆ ಬಾ."

ನಾಲ್ಕು ಬಾಗಿಲಿನ ಹೆರಾಲ್ಡ್, ಎಂವೈ ಸೀರಿಸ್ ಪ್ಲೇಟು, ತಿಳಿ ನೀಲಿ ಬಣ್ಣ. ಟೈರಿನಲ್ಲಿ ಗಾಳಿ ಇತ್ತು. ಪ್ರತಿ ಭಾನುವಾರ ಬೆಳಿಗ್ಗೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಡ್ತಾರಂತೆ. ಒಳಗಿಂದ ಅಜ್ಜಿ ಕೂಗಿ ಹೇಳಿದರು: "ಮಕ್ಕಳ ಮದುವೆಗೂ ಇಷ್ಟು ಓಡಾಡಿಲ್ಲ ಇವರು, ಆ ಕಾರಿಗೆ ಓಡಾಡಿದಷ್ಟು!"

ವಿಷಯ ಏನಂದರೆ, ಮನೆ ಬಿಲ್ಡರ್‌ಗೆ ಕೊಟ್ಟಾಗಿತ್ತು. ಮೂರು ತಿಂಗಳಲ್ಲಿ ಖಾಲಿ ಮಾಡಬೇಕು. ಹೊಸ ಕಟ್ಟಡದಲ್ಲಿ ಇವರಿಗೆ ಎರಡು ಫ್ಲ್ಯಾಟು, ಎರಡು ಪಾರ್ಕಿಂಗ್. ಒಂದು ಮಗನ ಕಾರಿಗೆ, ಇನ್ನೊಂದು ಬಾಡಿಗೆಗೆ ಬರುವವರಿಗೆ. ಕಟ್ಟಡ ಏಳುವವರೆಗೆ ಇರೋಕೆ ಹಿಡಿದಿದ್ದ ಬಾಡಿಗೆ ಮನೆಗೆ ಪಾರ್ಕಿಂಗೇ ಇಲ್ಲ. ಹದಿಮೂರು ಅಡಿ ಉದ್ದದ ಕಾರಿಗೆ ಆ ಇಡೀ ಲೆಕ್ಕದಲ್ಲಿ ಜಾಗ ಇರಲಿಲ್ಲ. ಗುಜರಿಯವನು ಬಂದು ಕೆಜಿ ಲೆಕ್ಕದಲ್ಲಿ ಮಾತಾಡಿ ಹೋಗಿದ್ದ. ಮಗ ಕೆಟ್ಟವನಲ್ಲ. "ಅಪ್ಪಾ, ನಾನೆಲ್ಲಿ ಇಟ್ಕೊಳ್ಳಲಿ ಹೇಳಿ?" ಅಂತ ಅವನು ಕೇಳಿದ್ದಕ್ಕೆ ಯಜಮಾನರ ಹತ್ತಿರವೂ ಉತ್ತರ ಇರಲಿಲ್ಲ.

ಕೊನೆಗೆ ಅಜ್ಜಿಯ ತಮ್ಮನ ಮಗ ದಾರಿ ಮಾಡಿದರು. ತಿಪಟೂರಿನ ಹತ್ತಿರ ಅವರದು ತೋಟ, ಕೊಬ್ಬರಿ ತುಂಬೋ ದೊಡ್ಡ ಶೆಡ್ಡು. "ಅಲ್ಲೇ ಒಂದು ಮೂಲೇಲಿ ಇರ್ಲಿ ಬಿಡಿ ಭಾವಾ" ಅಂದರಂತೆ. ಆದರೆ ಅವರಿಗೆ ಹೆರಾಲ್ಡ್ ಓಡಿಸಿ ಅಭ್ಯಾಸ ಇಲ್ಲ. ಆಗ ಯಜಮಾನರು ನನಗೆ ಫೋನ್ ಮಾಡಿದರು: "ನೀನು ಕಂಪ್ಯೂಟರ್‌ನೋನಲ್ವಾ? ಇದನ್ನ ಸ್ಟಾರ್ಟ್ ಮಾಡೋದು ಹೇಗೆ ಅಂತ ವಿಡಿಯೊ ಮಾಡ್ಕೊಡು."

ಒಂದು ಶನಿವಾರ ಬೆಳಿಗ್ಗೆ ಕೂತು ಮಾಡಿದೆವು. ವಾರಗಟ್ಟಲೆ ನಿಂತಿದ್ದರೆ ಮೊದಲು ಬಾನೆಟ್ ಎತ್ತಿ, ಎಂಜಿನ್ ಪಕ್ಕದ ಪೆಟ್ರೋಲ್ ಪಂಪಿನ ಸಣ್ಣ ಲಿವರನ್ನು ಕೈಯಲ್ಲೇ ನಾಲ್ಕೈದು ಸಲ ಒತ್ತಬೇಕು, ಕಾರ್ಬೊರೇಟರಿಗೆ ಪೆಟ್ರೋಲ್ ಏರುತ್ತೆ. ಆಮೇಲೆ ಚೋಕ್ ಪೂರ್ತಿ ಎಳೆದು ಸ್ಟಾರ್ಟ್ ಮಾಡಬೇಕು. ಹತ್ತಿಕೊಂಡ ಮೇಲೆ ಚೋಕ್ ಒಂದೇ ಸಲ ಬಿಡಬಾರದು, ಅರ್ಧಕ್ಕೆ ತಂದು ಒಂದು ನಿಮಿಷ ಕಾಯಬೇಕು. ಎರಡನೇ ಗೇರಿಗೆ ಹಾಕುವಾಗ ಒಂದು ಕ್ಷಣ ನ್ಯೂಟ್ರಲ್‌ನಲ್ಲಿ ತಡೆಯಬೇಕು, ಇಲ್ಲಾಂದ್ರೆ ಕಿರ್ ಅನ್ನುತ್ತೆ. ಎಡಗಡೆ ಹಿಂದಿನ ಬಾಗಿಲು ಸ್ವಲ್ಪ ಎತ್ತಿ ಹಾಕಬೇಕು. ಒಟ್ಟು ಇಪ್ಪತ್ತೆರಡು ನಿಮಿಷದ ವಿಡಿಯೊ. ಇದರಲ್ಲಿ ಬಾಗಿಲಿನ ವಿಷಯ, ಎರಡನೇ ಗೇರಿನ ವಿಷಯ ಯಾವ ಮ್ಯಾನ್ಯುಯಲ್‌ನಲ್ಲೂ ಇಲ್ಲ. ಆ ಒಂದು ಕಾರಿನ ಬಗ್ಗೆ ಆ ಒಬ್ಬರಿಗೆ ಗೊತ್ತಿದ್ದ ವಿಷಯ ಅದು. ಆಫೀಸಿನಲ್ಲಿ ನಾವು ಹಳೇ ಸಿಸ್ಟಮ್ ಹಸ್ತಾಂತರಿಸುವಾಗ 'ನಾಲೆಡ್ಜ್ ಟ್ರಾನ್ಸ್‌ಫರ್' ಅಂತ ಮೀಟಿಂಗ್ ಇಡ್ತೀವಲ್ಲ, ಅದರ ನಿಜವಾದ ಅರ್ಥ ನನಗೆ ಆ ಶೆಡ್ಡಿನಲ್ಲಿ ಗೊತ್ತಾಯ್ತು.

ಕಾರನ್ನು ಲಾರಿಗೆ ಹತ್ತಿಸುವ ದಿನ ಯಜಮಾನರು ಹೊರಗೆ ಬರಲಿಲ್ಲ. ಅಜ್ಜಿ ಬಂದು ಬಾನೆಟ್ಟಿಗೆ ಅರಿಸಿನ ಕುಂಕುಮ ಹಚ್ಚಿ ಕಳಿಸಿದರು.

ಕಾಗದ ಪತ್ರದ ವಿಷಯ

ತುಂಬಾ ಮನೆಗಳಲ್ಲಿ ಕಾರು ಗುಜರಿಗೆ ಹೋಗೋಕೆ ಇನ್ನೊಂದು ಕಾರಣ ತಪ್ಪು ತಿಳಿವಳಿಕೆ. 'ಹದಿನೈದು ವರ್ಷ ಆದರೆ ಗಾಡಿ ಇಟ್ಕೊಳ್ಳೋ ಹಾಗಿಲ್ಲವಂತೆ' ಅನ್ನೋ ಮಾತು ಎಲ್ಲ ಕಡೆ ಓಡಾಡುತ್ತೆ. ಅದು ದೆಹಲಿ ಸುತ್ತಮುತ್ತಲಿಗೆ ಬಂದ ಆದೇಶಗಳಿಂದ ಹುಟ್ಟಿದ ಮಾತು. ನಮ್ಮಲ್ಲಿ ಸ್ವಂತ ಬಳಕೆಯ ಕಾರಿನ ಆರ್‌ಸಿ ಮೊದಲು 15 ವರ್ಷಕ್ಕೆ ಇರುತ್ತೆ. ಆಮೇಲೆ ಗಾಡಿ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಣ ಮಾಡಿಸಬಹುದು.

ಖರ್ಚು ಮಾತ್ರ ಏರಿದೆ. 2022ರ ಏಪ್ರಿಲ್‌ವರೆಗೆ ಕಾರಿನ ನವೀಕರಣ ಶುಲ್ಕ 600 ರೂಪಾಯಿ ಇತ್ತು, ಆಮೇಲೆ 5,000 ಆಯ್ತು. 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ ಅದನ್ನು 10,000ಕ್ಕೆ ಏರಿಸಿದರು. ಪಿಂಚಣಿಯಲ್ಲಿ ಬದುಕುವವರಿಗೆ ಇದು ಸಣ್ಣ ಮೊತ್ತ ಅಲ್ಲ.

50 ವರ್ಷ ದಾಟಿದ ಕಾರುಗಳಿಗೆ ಇನ್ನೊಂದು ದಾರಿ ಇದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಮಾಡಿರಬಾರದು. ಹೊಸದಾಗಿ ನೋಂದಣಿಯಾಗುವ ಕಾರಿಗೆ 'ವಿಎ' ಅಕ್ಷರಗಳಿರುವ ನಂಬರ್ ಕೊಡ್ತಾರೆ. ಮೊದಲೇ ನೋಂದಣಿಯಾಗಿರುವ ಕಾರಿನ ಹಳೇ ನಂಬರ್ ಹಾಗೇ ಉಳಿಸಿಕೊಳ್ಳಬಹುದು. ಅಂದರೆ ಎಂವೈ ಪ್ಲೇಟು ಎಂವೈ ಆಗಿಯೇ ಇರುತ್ತೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ ಮಾನ್ಯ, ಮತ್ತೆ ಮಾಡಿಸೋಕೆ 5,000. ಆದರೆ ಈ ನೋಂದಣಿಯ ಕಾರನ್ನು ರ‍್ಯಾಲಿ, ಪ್ರದರ್ಶನ, ಪೆಟ್ರೋಲ್ ಹಾಕಿಸೋದು, ರಿಪೇರಿ, ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ಗಾಂಧಿ ಬಜಾರಿಗೆ ದಿನಾ ಹೂವು ತರೋಕೆ ಹೋಗೋ ಹಾಗಿಲ್ಲ. ಅದಕ್ಕೆ ಮಾಮೂಲಿ ಆರ್‌ಸಿ ನವೀಕರಣವೇ ಬೇಕು.

ತಾತನ ಹೆಸರಿನಲ್ಲಿರುವ ಕಾರಾದರೆ, ಅವರು ಇರುವಾಗಲೇ ಆರ್‌ಸಿ ಯಾರ ಹೆಸರಿಗೆ ಅಂತ ಮನೆಯಲ್ಲಿ ಮಾತಾಡಿ ವರ್ಗ ಮಾಡಿಸಿಕೊಳ್ಳಿ. ಆಮೇಲೆ ವಾರಸುದಾರರೆಲ್ಲರ ಸಹಿಗೆ ಅಲೆಯುವಷ್ಟರಲ್ಲಿ ಯಾರಿಗಾದರೂ ಸಾಕಪ್ಪಾ ಅನ್ನಿಸುತ್ತೆ, ಕಾರು ಗುಜರಿಗೆ ಹೋಗುತ್ತೆ.

ಪೆಟ್ರೋಲೂ ಬದಲಾಗಿದೆ

ಈ ಕಾರುಗಳು ಹುಟ್ಟಿದ್ದು ಸೀಸ ಬೆರೆತ ಪೆಟ್ರೋಲಿನ ಕಾಲದಲ್ಲಿ. 2000ದಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂತು. ಈಗ ಬಂಕುಗಳಲ್ಲಿ ಸಿಗೋದು ಶೇಕಡ 20ರಷ್ಟು ಎಥೆನಾಲ್ ಬೆರೆತ ಇ20. ಎಥೆನಾಲ್ ನೀರಿನ ತೇವ ಎಳೆದುಕೊಳ್ಳುತ್ತೆ. ವರ್ಷಗಟ್ಟಲೆ ನಿಲ್ಲುವ ಕಾರಿನ ಟ್ಯಾಂಕಿಗೆ ಒಳಗಿನಿಂದ ತುಕ್ಕು ಹಿಡಿಯುತ್ತೆ. ಹಳೇ ರಬ್ಬರ್ ಪೈಪು, ವಾಷರುಗಳು ಮೆತ್ತಗಾಗಿ ಸೋರೋಕೆ ಶುರುವಾಗ್ತವೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಏನಾಗುತ್ತೆ ಅಂತ ಹೇಳಬೇಕಿಲ್ಲ. ನಿಮ್ಮನೇಲಿ ಹಳೇ ಕಾರಿದ್ದರೆ ಮೊದಲ ಕೆಲಸ ಇಂಧನದ ಪೈಪುಗಳನ್ನೆಲ್ಲ ಎಥೆನಾಲ್ ತಡೆಯುವ ಹೊಸ ಪೈಪಿಗೆ ಬದಲಾಯಿಸೋದು. ಪಾಲಿಶ್, ಪೇಂಟು ಆಮೇಲೆ.

ಸ್ಪೇರ್ ಪಾರ್ಟ್‌ಗೆ ಬೆಂಗಳೂರಿನವರು ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳನ್ನು ಸುತ್ತುತ್ತಾರೆ. ಹಳೇ ಪಾರ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಫೋಟೊ ತೋರಿಸಿದರೆ ಆಗಲ್ಲ.

ಒಳ್ಳೆ ಸ್ಥಿತಿಯ ಹಳೇ ಕಾರುಗಳನ್ನು ಒಟ್ಟಿಗೇ ನೋಡಬೇಕು ಅಂದರೆ ಧರ್ಮಸ್ಥಳದ ಕಾರ್ ಮ್ಯೂಸಿಯಂ, ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣ ದಾಟಿದ ಮೇಲೆ ಸಿಗುವ 'ಪಯಣ' ಮ್ಯೂಸಿಯಂ, ಎರಡೂ ಇವೆ. ಮಕ್ಕಳನ್ನು ಕರ್ಕೊಂಡು ಹೋಗಿ. ಆದರೆ ಅಲ್ಲಿ ಕಾರಿನ ಜೊತೆ ಅದರ ಯಜಮಾನರು ಸಿಗಲ್ಲ, ಕಾಫಿಯೂ ಸಿಗಲ್ಲ.

ಮುಂದಿನ ಸರದಿ ಯಾರದು?

ಈಗ ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಒಮ್ಮೆ ಇಳಿದು ನೋಡಿ. ಕಂಬದ ಹಿಂದೆ, ಟೈರು ಕೂತು, ಧೂಳಿನಲ್ಲಿ ಮಕ್ಕಳು ಹೆಸರು ಬರೆದಿರುವ ಒಂದು ಕಾರು ಇದ್ದೇ ಇರುತ್ತೆ. ಅದು 1986ಕ್ಕೂ ಮುಂಚಿನ, ಡಬ್ಬದ ಹಾಗಿರುವ ಮೊದಲ ಮಾಡೆಲ್ ಮಾರುತಿ 800 ಆಗಿದ್ದರೆ ಅದಕ್ಕೆ ನಲವತ್ತು ದಾಟಿದೆ. ಮೊದಲ ವರ್ಷದ ಕಾರುಗಳು 2033ಕ್ಕೆ ಸರ್ಕಾರದ ಲೆಕ್ಕದಲ್ಲೂ ವಿಂಟೇಜ್ ಆಗ್ತವೆ. ಅಥವಾ ಅದು ಪುಟ್ಟ ರೇವಾ ಇರಬಹುದು. ಈಗ ಎಲ್ಲರೂ ಎಲೆಕ್ಟ್ರಿಕ್ ಕಾರು ಅಂತಾರಲ್ಲ, 2001ರಲ್ಲೇ ಬೆಂಗಳೂರಿನಲ್ಲಿ ತಯಾರಾಗಿ, ಲಂಡನ್ ಬೀದಿಗಳಲ್ಲಿ 'ಜಿ-ವಿಜ್' ಅನ್ನೋ ಹೆಸರಿನಲ್ಲಿ ಓಡಾಡಿದ ಕಾರು ಅದು. ಅಸೋಸಿಯೇಷನ್ ಮೀಟಿಂಗ್‌ನಲ್ಲಿ 'ಡೆಡ್ ವೆಹಿಕಲ್ ತೆಗೆಸಿ' ಅನ್ನೋ ವಿಷಯ ಬಂದಾಗ, ಅದು ಯಾವ ಕಾರು ಅಂತ ಒಮ್ಮೆ ನೋಡಿ ಕೈ ಎತ್ತಿ.

ಹಾಗೇ ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಶೆಡ್ಡಿನ ಟಾರ್ಪಾಲು ಎತ್ತಿ ನೋಡಿ. ಕಾರು ಇದ್ದರೆ, ಅದನ್ನು ಓಡಿಸಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊಬೈಲಿನಲ್ಲಿ ವಿಡಿಯೊ ಆನ್ ಮಾಡಿ. ಸ್ಟಾರ್ಟ್ ಮಾಡೋದು ಹೇಗೆ ಅನ್ನೋದರಿಂದಲೇ ಶುರು ಮಾಡಿ. ಕಾರು ಎಲ್ಲಿಡೋದು ಅನ್ನೋದು ಆಮೇಲೆ ಯೋಚಿಸಬಹುದು, ಯಾರದೋ ತೋಟದಲ್ಲಿ ಒಂದು ಮೂಲೆ ಸಿಕ್ಕರೂ ಸಿಗಬಹುದು.